ತರಬೇತಿಯೋ, ಸನ್ಮಾನ ಸಮಾರಂಭವೋ?

ಮಾನ್ಯರೇ,

ಹೊರದೇಶದ ಕನ್ನಡ ಶಿಕ್ಷಕರಿಗೆ ಸರ್ಕಾರಿ ಇಲಾಖೆ ಕೊಟ್ಟ ಆನ್‌ಲೈನ್ ತರಬೇತಿ ‘ಯಶಸ್ವಿ’ಯಾಯಿತೆಂಬ ನಿನ್ನೆಯ ವರದಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಯಶಸ್ಸಿನಲ್ಲಿ ನಾನೂ ಇದ್ದೆ. ಬೆಂಗಳೂರಿನ ಬೆಳಿಗ್ಗೆ ಹತ್ತು ಗಂಟೆ ಎಂದರೆ ಈ ಚಳಿಗಾಲದಲ್ಲಿ ಲಂಡನ್ನಿಗೆ ನಸುಕಿನ ನಾಲ್ಕೂವರೆ. ಮಗು ಏಳದಂತೆ ಅಡುಗೆಮನೆಯಲ್ಲಿ ನಡುಗುತ್ತ ಕೂತರೆ ಕಳಿಸಿದ ಲಿಂಕೇ ತೆರೆಯಲಿಲ್ಲ. ತೆರೆದಾಗ ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿದ್ದರು. ಆಮೇಲೆ ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಪೇಟ. ಪಾಠದ ಮಾತು ಬರುವಷ್ಟರಲ್ಲಿ ನಾನು ಆಫೀಸಿಗೆ ಹೊರಡುವ ಹೊತ್ತು ಹತ್ತಿರವಾಗಿತ್ತು.

ಸಂಪನ್ಮೂಲ ವ್ಯಕ್ತಿಗಳಾದರೂ ಹೇಳಿದ್ದೇನು? ವರ್ಣಮಾಲೆ ಬಾಯಿಪಾಠ ಮಾಡಿಸಿ, ಕಾಪಿ ಬರೆಸಿ! ನಮ್ಮ ತರಗತಿಯಲ್ಲಿ ಅಜ್ಜಿಯ ಜೊತೆ ಪಟಪಟನೆ ಮಾತಾಡಿಯೂ ಒಂದಕ್ಷರ ಓದಲಾರದ ಹತ್ತು ವರ್ಷದ ಹುಡುಗಿ ಇದ್ದಾಳೆ. ಪಕ್ಕದಲ್ಲೇ, ಎಲ್ಲ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಆರು ವರ್ಷದವನು. ಇಬ್ಬರಿಗೂ ಒಟ್ಟಿಗೆ ಒತ್ತಕ್ಷರ ಕಲಿಸುವುದು ಹೇಗೆ ಎಂದು ಕೇಳಿದೆ. ‘ಮನೆಯಲ್ಲಿ ಕನ್ನಡ ಮಾತಾಡಿ ಮೇಡಂ’ ಎಂದರು, ನನ್ನನ್ನು ಮ್ಯೂಟ್ ಮಾಡಿದರು.

ನಮ್ಮ ಪಕ್ಕದ ಮನೆಯಾಕೆ ಶನಿವಾರದ ಪೋಲಿಷ್ ಶಾಲೆಯಲ್ಲಿ ಕಲಿಸುತ್ತಾಳೆ. ಅವರಿಗೆ ಲಂಡನ್ನಿನಲ್ಲೇ 1953ರಿಂದ ‘ಪೋಲ್ಸ್ಕಾ ಮಾಚೆಶ್ ಶ್ಕೋಲ್ನಾ’ ಎಂಬ ಸಂಸ್ಥೆಯಿದೆ. ಪುಸ್ತಕ, ಶಿಕ್ಷಕರ ತರಬೇತಿ ಎಲ್ಲ ಅದೇ ನೋಡಿಕೊಳ್ಳುತ್ತದೆ. ಪೋಲೆಂಡಿನ ವಾರ್ಸಾದಲ್ಲಿ ಹೊರದೇಶದ ಪೋಲಿಷ್ ಶಿಕ್ಷಣಕ್ಕೆಂದೇ ಸರ್ಕಾರಿ ಕೇಂದ್ರ, ಎರಡು ಭಾಷೆಗಳ ನಡುವೆ ಬೆಳೆಯುವ ಈ ಮಕ್ಕಳಿಗೆಂದೇ ಬೇರೆ ಪಠ್ಯಕ್ರಮ. 2015ರಲ್ಲಿ ಇಲ್ಲಿನ ಪರೀಕ್ಷಾ ಮಂಡಳಿ ಪೋಲಿಷ್ ಎ-ಲೆವೆಲ್ (ನಮ್ಮ ಪಿಯುಸಿ ಮಟ್ಟದ) ಪರೀಕ್ಷೆ ನಿಲ್ಲಿಸುತ್ತೇವೆಂದಾಗ ಗದ್ದಲವೆಬ್ಬಿಸಿ ಉಳಿಸಿಕೊಂಡರು. ನಮಗೆ ಉಳಿಸಿಕೊಳ್ಳಲು ಪರೀಕ್ಷೆಯಾದರೂ ಎಲ್ಲಿದೆ? ಗುಜರಾತಿ, ಬಂಗಾಳಿ, ಪಂಜಾಬಿಗೆ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಇದೆ, ಕನ್ನಡಕ್ಕಿಲ್ಲ.

ಇದೇ ಇಲಾಖೆಯ ಸಾಹೇಬರೊಬ್ಬರು ಹಿಂದೆ ಇಲ್ಲಿಗೆ ‘ಅಧ್ಯಯನ ಪ್ರವಾಸ’ ಬಂದಿದ್ದರು. ಮಕ್ಕಳು ಹಾಡು ಕಲಿತು ಕಾದಿದ್ದೇ ಬಂತು. ಅವರು ಥೇಮ್ಸ್ ದಡದ ಬಸವಣ್ಣನ ಪ್ರತಿಮೆಯೆದುರು ಫೋಟೊ ತೆಗೆಸಿಕೊಂಡು ನೇರ ಶಾಪಿಂಗಿಗೆ ಹೋದರಂತೆ. ಕಾಯಕವೇ ಕೈಲಾಸ!

ತರಬೇತಿ ಕೊಡುವುದಾದರೆ ನೆಟ್ಟಗೆ ಕೊಡಲಿ, ಇಲ್ಲವಾದರೆ ಸುಮ್ಮನಿರಲಿ. ಕಲಿಸಿ ಗೊತ್ತಿರುವವರನ್ನು ಕರೆಸಲಿ, ಪುಸ್ತಕವನ್ನೂ ಕಳಿಸಲಿ. ಸಚಿವರು ವಿಚಾರಿಸಲಿ, ಅದಾಗದಿದ್ದರೆ, ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸುವ ಸಿಬ್ಬಂದಿಗೆ ಮೊದಲು ಸ್ವಲ್ಪ ಮರ್ಯಾದೆಯ ತರಬೇತಿ ಕೊಡಿಸಲಿ.

– ಒಬ್ಬ ಶಿಕ್ಷಕಿ, ಈಲಿಂಗ್, ಲಂಡನ್