ಬಣ್ಣ ಹಚ್ಚಿದ ಬೂಟು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಈ ಪತ್ರವನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ಆದರೆ ಕಳೆದ ವಾರ ನಾನು ಇಲ್ಲಿ ಹಂಚಿಕೊಂಡ ನನ್ನ ಬೂಟುಗಳ ಚಿತ್ರವನ್ನು ಊರೆಲ್ಲ ನೋಡಿ ಮೆಚ್ಚಿಕೊಂಡಿರುವುದರಿಂದ, ಅದರ ಹಿಂದಿನ ಕಥೆಯೂ ಊರೆಲ್ಲಕ್ಕೆ ತಿಳಿಯಲಿ ಎಂದು ಇಲ್ಲಿಯೇ ಬರೆಯುತ್ತಿದ್ದೇನೆ. ಕೊಡೆಯ ಪ್ರಕರಣವನ್ನು ನಾನು ಎತ್ತುವುದಿಲ್ಲ. ದಯವಿಟ್ಟು ನೀನೂ ಎತ್ತಬೇಡ.

ಆ ಬೂಟುಗಳು ಹೊಸವಲ್ಲ. ಮಳೆಯಲ್ಲಿ ನೆಂದ ಎಮ್ಮೆಕರುವಿನಂತಿವೆ ಎಂದು ನೀನು ಅಣಕಿಸುತ್ತಿದ್ದೆಯಲ್ಲ, ಅದೇ ಕಂದು ಚರ್ಮದ ಜೋಡಿ ಈಗ ಕಡುನೀಲಿಯಾಗಿದೆ. ಬಣ್ಣ ಹಚ್ಚುವುದೆಂದರೆ ಕುಂಚ ಅದ್ದಿ ಎಳೆಯುವುದು ಎಂದು ನಾನೂ ತಿಳಿದಿದ್ದೆ. ನಿಜವಾದ ಕೆಲಸವಿರುವುದು ಹಳೆಯದನ್ನು ತೆಗೆಯುವುದರಲ್ಲಿ. ವರ್ಷಗಟ್ಟಲೆ ಹಚ್ಚಿದ ಪಾಲಿಶಿನ ಮೇಣವೂ ಕಾರ್ಖಾನೆಯಲ್ಲಿ ಕೊಟ್ಟ ಹೊಳಪಿನ ಪದರವೂ ಇರುವ ತನಕ ಹೊಸ ಬಣ್ಣ ಚರ್ಮವನ್ನು ಹಿಡಿಯುವುದಿಲ್ಲ. ಮೇಲೆಯೇ ನಿಂತು, ಒಣಗಿ, ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ಲೇಸುಗಳನ್ನು ಬಿಚ್ಚಿ, ಧೂಳು ಒರೆಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಕೈಗವಸು ತೊಟ್ಟು, ಹತ್ತಿಯನ್ನು ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನಿನಲ್ಲಿ ಅದ್ದಿ ಉಜ್ಜುತ್ತ ಕುಳಿತೆ. ಒಂದೊಂದು ಉಂಡೆಯೂ ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತಿದ್ದಂತೆ ಚರ್ಮ ತನ್ನ ಹೊಳಪನ್ನೆಲ್ಲ ಬಿಟ್ಟುಕೊಟ್ಟು, ಬೇಸಿಗೆಯ ತುಟಿಯಂತೆ ಒಣಕಲಾಯಿತು. (ಇದನ್ನು ಓದಿ ಯಾರಾದರೂ ರೆಕ್ಸಿನ್ ಬೂಟನ್ನು ಉಜ್ಜಲು ಹೊರಟರೆ ಅದರ ಮೇಲ್ಮೈ ಕರಗಿ ಅಂಟಾದೀತು, ಆ ಪಾಪ ನನಗೆ ಬೇಡ.)

ಆ ಬೆತ್ತಲೆ ಬೂಟುಗಳನ್ನು ಹಳೆಯ ಪತ್ರಿಕೆಯ ಮೇಲೆ ಅಕ್ಕಪಕ್ಕ ಇಟ್ಟಾಗಲೇ ನನಗೆ ಏನೋ ಸರಿಯಿಲ್ಲ ಎನ್ನಿಸಿದ್ದು. ಬಲಗಾಲಿನದರಲ್ಲಿ ಬೆರಳುಗಳು ಬಾಗುವ ಜಾಗದಲ್ಲಿ, ಉಗುರು ಇಟ್ಟರೆ ಸಿಕ್ಕಿಕೊಳ್ಳುವಷ್ಟು ಆಳವಾದ ಮೂರು ನೆರಿಗೆಗಳಿದ್ದವು. ಎಡಗಾಲಿನದರಲ್ಲಿ ಅದೇ ಜಾಗದಲ್ಲಿ ಕೂದಲೆಳೆಯಂಥ ಗೆರೆಗಳು, ಅಷ್ಟೇ. ತಿರುಗಿಸಿ ನೋಡಿದರೆ ಬಲ ಬೂಟಿನ ಹಿಮ್ಮಡಿ ಹೊರಬದಿಗೆ ಓರೆಯಾಗಿ ಸವೆದಿತ್ತು. ಎಡದ್ದರ ಹಿಮ್ಮಡಿಯಲ್ಲಿ ಅಚ್ಚೊತ್ತಿದ ಗೆರೆಗಳು ಇನ್ನೂ ಓದಲು ಬರುವಂತಿದ್ದವು. ಒಂದೇ ದಿನ ಕೊಂಡ ಜೋಡಿ, ಒಂದೇ ದಾರಿ ನಡೆದ ಜೋಡಿ.

ಮೊದಲು ಚರ್ಮದ ಮೇಲೆ ತಪ್ಪು ಹೊರಿಸಿದೆ. ಹೊಟ್ಟೆಯ ಭಾಗದ ಚರ್ಮ ಸಡಿಲ, ಬೆನ್ನಿನದು ಬಿಗಿ. ಬಲ ಬೂಟು ಹೊಟ್ಟೆಯದೂ ಎಡ ಬೂಟು ಬೆನ್ನಿನದೂ ಆಗಿದ್ದಿರಬಹುದು ಎಂಬ ವಾದವನ್ನು ಕಟ್ಟಿಕೊಂಡು ಒಂದು ಸಂಜೆ ನೆಮ್ಮದಿಯಿಂದ ಕಳೆದೆ. ಮರುದಿನ ಬರಿಗಾಲಿನಲ್ಲಿ ಮಹಡಿಯ ಮೆಟ್ಟಿಲ ಬಳಿ ನಿಂತು ನನ್ನನ್ನೇ ಗಮನಿಸಿದೆ. ಹತ್ತುವಾಗ ಪ್ರತಿ ಮೆಟ್ಟಿಲಿಗೂ ಬಲಗಾಲೇ ಮೊದಲು, ಇಳಿಯುವಾಗ ಎಡಗಾಲೇ ಮೊದಲು. ಸಮತಟ್ಟಿನಲ್ಲಿ ನಡೆದರೆ ಎಡಪಾದ ಬೆರಳುಗಳ ಮೇಲೆ ಬಾಗುವ ಮೊದಲೇ ನೆಲ ಬಿಡುತ್ತಿತ್ತು. ಬಾಗದ ಕಾಲಿನ ಬೂಟಿಗೆ ನೆರಿಗೆ ಬೀಳುವುದಾದರೂ ಹೇಗೆ?

ಎಡ ಮಂಡಿಯ ನೋವು ಇದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ಅದಕ್ಕೆ ನಾನು ಇಷ್ಟು ಅಚ್ಚುಕಟ್ಟಾಗಿ ಜಾಗ ಮಾಡಿಕೊಟ್ಟಿದ್ದೇನೆ ಎಂಬುದು ಗೊತ್ತಿರಲಿಲ್ಲ. ಕಳೆದ ವರ್ಷ ನೀವೆಲ್ಲ ಬೆಟ್ಟ ಹತ್ತಲು ಹೊರಟ ದಿನ ಕಚೇರಿಯಲ್ಲಿ ಕೆಲಸ ಬಂತು ಎಂದು ನಿನಗೆ ಹೇಳಿದ್ದೆ. ಕೆಲಸವಿರಲಿಲ್ಲ. ಬೆಳಗಿನ ನಾಲ್ಕೂವರೆಗೆ ಇದೇ ಬೂಟುಗಳನ್ನು ಕಟ್ಟಿಕೊಂಡು, ಚೀಲವನ್ನೂ ಬೆನ್ನಿಗೇರಿಸಿ, ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕುಳಿತವನು ಏಳಲಾಗದೆ ಅಲ್ಲಿಂದಲೇ ನಿನಗೆ ಫೋನು ಮಾಡಿದ್ದು. ನೀನು ಬೈದೆ. ಬೈಗುಳ ಕೇಳುವುದು ನಿಜ ಹೇಳುವುದಕ್ಕಿಂತ ಸುಲಭವಾಗಿತ್ತು.

ಇಷ್ಟನ್ನು ಬರೆಯುವ ಉದ್ದೇಶವಿರಲಿಲ್ಲ. ಬಣ್ಣದ ವಿಷಯಕ್ಕೆ ಬರುತ್ತೇನೆ.

ಒಳಗೆ ಕಾಗದ ತುರುಕಿ, ಅಟ್ಟೆಯ ಅಂಚಿಗೆ ಟೇಪು ಅಂಟಿಸಿ, ಚರ್ಮಕ್ಕೆಂದೇ ಸಿಗುವ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಹಚ್ಚಿದೆ. ಮೊದಲ ಪದರ ಎಷ್ಟು ಕೆಟ್ಟದಾಗಿ, ತೇಪೆತೇಪೆಯಾಗಿ ಕಾಣುತ್ತದೆಂದರೆ ಅದನ್ನು ಮುಚ್ಚಲು ಕೈ ತಾನಾಗಿ ಕುಂಚದ ತುಂಬ ಬಣ್ಣ ತೆಗೆದುಕೊಳ್ಳುತ್ತದೆ. ಹಾಗೆ ದಪ್ಪಗೆ ಬಳಿದದ್ದು ಬೂಟು ಬಾಗಿದೊಡನೆ ಬಿರುಕು ಬಿಡುತ್ತದೆ. ಇಪ್ಪತ್ತು ನಿಮಿಷಕ್ಕೊಂದರಂತೆ ನಾಲ್ಕು ಪದರ, ಅದರ ಮೇಲೆ ರಕ್ಷಣೆಗೆ ಒಂದು ಪಾರದರ್ಶಕ ಲೇಪ, ಆಮೇಲೆ ಒಂದು ಇಡೀ ದಿನ ಮುಟ್ಟದೆ ಬಿಡುವುದು. ಬಲ ಬೂಟಿನ ನೆರಿಗೆಗಳನ್ನು ಮಾತ್ರ ಬಣ್ಣ ಹಚ್ಚುವ ಮೊದಲೇ ಚರ್ಮಕ್ಕೆ ಮೆತ್ತುವ ಪೇಸ್ಟಿನಿಂದ ತುಂಬಿ, ನಯವಾದ ಉಪ್ಪುಕಾಗದದಿಂದ ಉಜ್ಜಿದ್ದೆ. ಒಣಗಿದ ಮೇಲೆ ಎಲ್ಲವೂ ಒಂದೇ ನೀಲಿ. ತೊಟ್ಟುಕೊಂಡು ಹತ್ತು ಹೆಜ್ಜೆ ನಡೆದೆ, ಮೂರೂ ನೆರಿಗೆಗಳು ತಮ್ಮ ತಮ್ಮ ಜಾಗಕ್ಕೆ ಮರಳಿ ಬಂದವು.

ಚಿತ್ರವನ್ನು ಇನ್ನೊಮ್ಮೆ ನೋಡು. ಮುಂದೆ ಇರುವುದು ಎಡ ಬೂಟು. ಬಲದ್ದು ಅದರ ಹಿಂದೆ ಮುಕ್ಕಾಲು ಮರೆಯಾಗಿದೆ. ಬೆಳಕು ಚೆನ್ನಾಗಿ ಬೀಳಲಿ ಎಂದು ಹಾಗಿಟ್ಟೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ನೀನೂ ಹಾಗೆಯೇ ಹೇಳು.

ಇದನ್ನು ಓದಿದ ಕೂಡಲೇ ಫೋನು ಮಾಡಿ ಎಣ್ಣೆಗಳ ಪಟ್ಟಿ ಒಪ್ಪಿಸಬೇಡ. ವೈದ್ಯರ ಬಳಿಗೆ ಗುರುವಾರ ಹೋಗುತ್ತಿದ್ದೇನೆ, ನೀಲಿ ಬೂಟು ತೊಟ್ಟುಕೊಂಡೇ. ಅವರು ಮಂಡಿಗಿಂತ ಮೊದಲು ಬೂಟನ್ನು ಹೊಗಳಿದರೆ ಬೇರೆ ವೈದ್ಯರನ್ನು ಹುಡುಕುತ್ತೇನೆ. ಸೀಸೆಯಲ್ಲಿ ಇನ್ನೂ ಅರ್ಧ ಬಣ್ಣ ಉಳಿದಿದೆ. ಆ ಮದುವೆಯಲ್ಲಿ ಬೇರೆಯವರದ್ದೆಂದು ನೀನು ಸಾಧಿಸಿದ್ದ ನಿನ್ನದೇ ಜೋಡಿಯನ್ನು ಕಳುಹಿಸಿಕೊಡು, ಹೊಸದು ಮಾಡಿಕೊಡುತ್ತೇನೆ. ಅಟ್ಟೆಯನ್ನು ತಿರುಗಿಸಿ ನೋಡುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ಇಂತಿ,
ಇನ್ನೂ ಬೆರಳುಗಳ ನೀಲಿ ಹೋಗದ
ನಿನ್ನ ಗೆಳೆಯ