ರಾಜ್ಯೋತ್ಸವದ ವೇದಿಕೆಯಲ್ಲಿ ಏಕೀಕರಣದ ನಕ್ಷೆಯೂ ಇರಲಿ

ಮಾನ್ಯ ಸಂಪಾದಕರೇ,

ನವೆಂಬರ್ ಬಂತೆಂದರೆ ಬೆಂಗಳೂರಿನ ಕಾರ್ಖಾನೆ, ಕಚೇರಿಗಳಲ್ಲಿ ತಿಂಗಳಿಡೀ ರಾಜ್ಯೋತ್ಸವ. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜಾ ಕಾಯ್ದೆಯಂತೆ ನವೆಂಬರ್ 1 ಕೈಗಾರಿಕಾ ಸಂಸ್ಥೆಗಳಿಗೆ ಸಂಬಳಸಹಿತ ರಜೆ. ಹಾಗಾಗಿ ಆಚರಣೆ ಬೇರೆ ದಿನಕ್ಕೆ ಹೋಗುವುದು ಸಹಜ. ಆದರೆ ಬಾವುಟ, ಶಾಲು, ಆರ್ಕೆಸ್ಟ್ರಾ, ಊಟ ಎಲ್ಲ ಮುಗಿದರೂ 1956ರಲ್ಲಿ ಆದದ್ದೇನು ಎಂಬ ಮಾತೇ ಬರುವುದಿಲ್ಲ. ಕಾರ್ಖಾನೆಯ ಕನ್ನಡ ಸಂಘದಲ್ಲಿ ಕೆಲಸ ಮಾಡುವ ನಮ್ಮ ಕೋರಿಕೆ ಇಷ್ಟು: ಏಕೀಕರಣದ ಇತಿಹಾಸಕ್ಕೆ ಅರ್ಧ ಗಂಟೆ ಮೀಸಲಿಡಿ, ಅದನ್ನು ನೌಕರರೇ ನಡೆಸಲಿ.

ಇದಕ್ಕೆ ದೊಡ್ಡ ಖರ್ಚು ಬೇಡ. ಗೋಡೆಗೆ ಆರು ಅಡಿಯ ಒಂದು ಫ್ಲೆಕ್ಸ್ ಸಾಕು: 1956ರ ಅಕ್ಟೋಬರ್ 31ರಂದು ಕನ್ನಡ ನಾಡು ಹೇಗೆ ಹಂಚಿಹೋಗಿತ್ತು ಎಂಬ ನಕ್ಷೆ. ಮೈಸೂರು ರಾಜ್ಯ, ಮುಂಬೈ ರಾಜ್ಯದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದ್ ರಾಜ್ಯದ ಬೀದರ್, ಗುಲ್ಬರ್ಗ, ರಾಯಚೂರು, ಮದ್ರಾಸಿನ ದಕ್ಷಿಣ ಕನ್ನಡ, ಕೊಳ್ಳೇಗಾಲ, ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು. ಐದು ಬಣ್ಣ ಬಳಿದರೆ ನೋಡಿದವರಿಗೆ ಅರ್ಥವಾಗುತ್ತದೆ.

ತಪ್ಪುಗಳಾಗುವುದೂ ಈ ನಕ್ಷೆಯಲ್ಲೇ. ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದನ್ನು ಹಾಗೆಯೇ ಪ್ರಿಂಟಿಗೆ ಕೊಡಬೇಡಿ. ಬಳ್ಳಾರಿಗೆ ಮದ್ರಾಸಿನ ಬಣ್ಣ ಬಳಿದಿರುತ್ತಾರೆ. ಆಂಧ್ರ ರಾಜ್ಯ ರಚನೆಯಾದ 1953ರ ಅಕ್ಟೋಬರ್ 1ರಂದೇ ಬಳ್ಳಾರಿ ಮೈಸೂರು ಸೇರಿತ್ತು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿದ್ದವು. ಕೊಳ್ಳೇಗಾಲವನ್ನು ಮೈಸೂರಿಗೇ ಸೇರಿಸಿಬಿಡುತ್ತಾರೆ, ಅದು ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಇನ್ನು 1956ರಲ್ಲೇ 'ಕರ್ನಾಟಕ' ಹುಟ್ಟಿತು ಎಂದು ಬರೆಯುವುದು ಪ್ರತಿ ವರ್ಷದ ತಪ್ಪು. ಆಗ ಆದದ್ದು ವಿಶಾಲ ಮೈಸೂರು ರಾಜ್ಯ. ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ.

ನಕ್ಷೆಯ ಪಕ್ಕದಲ್ಲಿ ಬಣ್ಣದ ಸ್ಟಿಕ್ಕರುಗಳನ್ನಿಟ್ಟು, ಪ್ರತಿಯೊಬ್ಬರೂ ತಮ್ಮ ಹಿರಿಯರ ಊರಿನ ಮೇಲೆ ಅಂಟಿಸಲಿ. ಒಂದೇ ಮೆಷಿನ್ ಶಾಪಿನಲ್ಲಿ ನಿಂತ ನಾಲ್ವರ ಅಜ್ಜಂದಿರು ನಾಲ್ಕು ಸರ್ಕಾರಗಳ ಪ್ರಜೆಗಳಾಗಿದ್ದರೆಂಬುದು ಆಗ ಕಣ್ಣಿಗೆ ಬೀಳುತ್ತದೆ. ಬೀದರಿನವರ ಮನೆಯಲ್ಲಿ ಉರ್ದು ದಾಖಲೆ, ನಿಜಾಮರ ಕಾಲದ ಹೈದರಾಬಾದಿನ ಹಾಲಿ ಸಿಕ್ಕಾ ನಾಣ್ಯ, ಬೆಳಗಾವಿಯವರಲ್ಲಿ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದ ಇದ್ದರೂ ಇರಬಹುದು. ಮೂಲ ಪ್ರತಿ ತರಿಸಬೇಡಿ, ಜೆರಾಕ್ಸ್ ಸಾಕು. ಜಮೀನಿನ ವ್ಯಾಜ್ಯವಿರುವ ಕಾಗದವನ್ನಂತೂ ಗೋಡೆಗೆ ಹಾಕಲೇಬಾರದು. ನಾಣ್ಯಗಳನ್ನು ಗಾಜಿನ ಡಬ್ಬಿಯಲ್ಲಿಟ್ಟು ಬೀಗ ಹಾಕಿ, ಕೊಟ್ಟವರಿಗೆ ಚೀಟಿ ಬರೆದುಕೊಡಿ.

ಗದ್ವಾಲ, ಸೊಲ್ಲಾಪುರ, ಕಾಸರಗೋಡಿನಿಂದ ಬಂದ ಸಹೋದ್ಯೋಗಿಗಳೂ ಈ ನಕ್ಷೆಯ ಮುಂದೆ ನಿಲ್ಲುತ್ತಾರೆ. ಗದ್ವಾಲ, ಆಲಂಪುರ ರಾಯಚೂರು ಜಿಲ್ಲೆಯಲ್ಲಿದ್ದು 1956ರಲ್ಲಿ ಆಂಧ್ರಕ್ಕೆ ಸೇರಿದವು. ಬೆಳಗಾವಿಯ ಚಂದಗಡ ಮುಂಬೈ ರಾಜ್ಯದಲ್ಲೇ ಉಳಿಯಿತು. ರಾಜ್ಯೋತ್ಸವ ತಮಗೆ ಸಂಬಂಧಿಸಿದ್ದಲ್ಲ ಎಂದು ದೂರ ಕೂರುವವರನ್ನು ಹತ್ತಿರ ತರಲು, ಕನ್ನಡ ಕಲಿಯಿರಿ ಎಂಬ ಭಾಷಣಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಮ್ಮ ನಂಬಿಕೆ.

ನಾಡಗೀತೆಯನ್ನು ಮೊಬೈಲಿನಿಂದ ಸ್ಪೀಕರಿಗೆ ಹಾಕಿ ನಿಲ್ಲುವುದು ಬೇಡ, ಹಾಡಬೇಕು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಿದೆ. ಬೇರೆ ಧಾಟಿಯ ಧ್ವನಿಮುದ್ರಿಕೆ ಹಾಕಿದರೆ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಎಳೆಯುತ್ತಾರೆ. ಆಚಾರ್ಯರು, ಕವಿಗಳ ಹೆಸರು ಸಾಲಾಗಿ ಬರುವಲ್ಲಿ ಎಲ್ಲರ ದನಿಯೂ ಇಳಿದುಬಿಡುತ್ತದೆ. ಊಟದ ವಿರಾಮದಲ್ಲಿ ಮೂರು ದಿನ ಹತ್ತು ಹತ್ತು ನಿಮಿಷ ಆ ಸಾಲುಗಳನ್ನಷ್ಟೇ ಹೇಳಿಸಿದರೆ ಸಾಕು.

ಬಾವುಟದ ವಿಷಯ: ಹಳದಿ ಮೇಲೆ, ಕೆಂಪು ಕೆಳಗೆ. ಹಿಂದಿನ ಸಂಜೆಯೇ ಹಗ್ಗ, ರಾಟೆ ಎಳೆದು ನೋಡಿ. ರಾಷ್ಟ್ರಧ್ವಜದ ಕಂಬಕ್ಕೇ ಇದನ್ನು ಕಟ್ಟಬೇಡಿ. ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲೀ ಅದರ ಮಗ್ಗುಲಲ್ಲಿ ಸಮನಾಗಿಯಾಗಲೀ ಬೇರೆ ಬಾವುಟ ಇರಕೂಡದೆನ್ನುತ್ತದೆ ಧ್ವಜಸಂಹಿತೆ.

ಕೊನೆಯದಾಗಿ ಸಮಯ. ಮಧ್ಯಾಹ್ನ 3ಕ್ಕೆ ಕಾರ್ಯಕ್ರಮವಿಟ್ಟರೆ ಅದು ಜನರಲ್ ಶಿಫ್ಟಿನವರ ಹಬ್ಬ ಮಾತ್ರ. ಶಿಫ್ಟ್ ಬದಲಾಗುವ 2 ಗಂಟೆಯ ಆಚೀಚೆ, 1.30ರಿಂದ 2.30ರವರೆಗೆ ನಡೆಸಿದರೆ ಎರಡು ಪಾಳಿಯವರು ಸಿಗುತ್ತಾರೆ. ಬಾವುಟವನ್ನು ಬೆಳಿಗ್ಗೆ 6ಕ್ಕೆ ಏರಿಸಿದರೆ ರಾತ್ರಿ ಪಾಳಿಯವರೂ ಇರುತ್ತಾರೆ. ಗುತ್ತಿಗೆ ಕಾರ್ಮಿಕರು, ಸೆಕ್ಯುರಿಟಿ, ಕ್ಯಾಂಟೀನ್, ಸ್ವಚ್ಛತಾ ಸಿಬ್ಬಂದಿ ಬಂದರೆ ಆ ಒಂದು ಗಂಟೆಯ ಕೂಲಿ ಕಡಿತವಾಗದೆಂದು ಆಡಳಿತ ವರ್ಗ ಮೊದಲೇ ಸುತ್ತೋಲೆ ಹೊರಡಿಸಬೇಕು. ಸುತ್ತೋಲೆ ಕನ್ನಡದಲ್ಲಿರಲಿ, ಗೇಟಿನ ಬಳಿಯ ನೋಟಿಸ್ ಬೋರ್ಡಿಗೂ ಬರಲಿ.

– ಕಾರ್ಖಾನೆಯೊಂದರ ಕನ್ನಡ ಸಂಘದ ಸದಸ್ಯರು, ಪೀಣ್ಯ, ಬೆಂಗಳೂರು