ಆ ಕನ್ನಡಕದ ಅಜ್ಜಿ

ಪುಟ್ಟೀ,

ಅಂಗಡಿಯ ಕೆಲಸದಿಂದ ತೆಗೆದದ್ದನ್ನು ಮುಚ್ಚಿಟ್ಟು ನೀನು ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ನೀನು ಓದುವುದಿಲ್ಲ. ನಿನ್ನೆ ರಾತ್ರಿ ನಾನು ತುಟಿ ಬಿಚ್ಚದೆ ಕೂತಿದ್ದೆನಲ್ಲ, ಬಾಯಿ ತೆರೆದರೆ ಅಳು ಬರುತ್ತಿತ್ತು, ಅಷ್ಟೇ. ನೀನು ಅದನ್ನು ಕೋಪ ಅಂದುಕೊಂಡು ಒಳಗೆ ಹೋಗಿ ಮಲಗಿಬಿಟ್ಟೆ. ಎದುರು ಕೂತು ಹೇಳಲು ಹೊರಟರೆ ನಮ್ಮಿಬ್ಬರ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಅದಕ್ಕೇ ಈ ಕಾಗದ.

ನೀನು ಕೆಲಸಕ್ಕೆ ಸೇರಿದ್ದು, ಮೊದಲ ಸಂಬಳದ ದಿನ ನಡೆದದ್ದು ಎಲ್ಲ ಇಬ್ಬರಿಗೂ ನೆನಪಿದೆ, ಬಿಡು. ಕೊನೆಯ ದಿನ ಸೂಪರ್‌ವೈಸರ್ ಏನಂದರು ಅನ್ನುವುದನ್ನೂ ನೀನು ಹೇಳಿಯಾಗಿದೆ. ಅದನ್ನು ಮತ್ತೆ ಕೆದಕುವುದಿಲ್ಲ. ನನ್ನ ತಲೆ ಕೊರೆಯುತ್ತಿರುವುದು ಅದರ ನಂತರದ ದಿನಗಳು.

ದಿನಾ ಅದೇ ಹೊತ್ತಿಗೆ ಎದ್ದೆ. ಅದೇ ಯೂನಿಫಾರ್ಮ್ ಟೀ ಶರ್ಟ್ ಹಾಕಿಕೊಂಡು "ಹೋಗಿಬರ್ತೀನಮ್ಮ" ಅಂದೆ. ಸಂಜೆ ಅದೇ ಹೊತ್ತಿಗೆ ಬಂದೆ, ಕಾಲು ನೋವು ಅಂದೆ. ನಾನು ಎಂದಿನಂತೆ "ಹೇಗಿತ್ತು ಇವತ್ತು?" ಅಂತ ಕೇಳಿದರೆ ಒಂದು ಕಥೆ ಹೇಳಿದೆ. ಯಾರೋ ಅಜ್ಜಿ ಬಂದಿದ್ದರಂತೆ, ಕನ್ನಡಕ ಕಳೆದುಹೋಯಿತೆಂದು ಅಂಗಡಿಯವರಿಂದೆಲ್ಲ ಹುಡುಕಿಸಿದರಂತೆ, ಕೊನೆಗೆ ನೋಡಿದರೆ ಅದು ಅವರ ತಲೆಯ ಮೇಲೇ ಇತ್ತಂತೆ. ಹೋಗುವಾಗ ನಿನ್ನ ಕೆನ್ನೆ ಹಿಂಡಿದರು ಅಂದೆ. ಎಷ್ಟು ನಕ್ಕೆ ನಾನು! ಮರುದಿನ ನನ್ನ ಆಫೀಸಿನಲ್ಲೂ ಎಲ್ಲರಿಗೂ ಹೇಳಿ ನಗಿಸಿದೆ.

ಆ ಅಜ್ಜಿ ಇರಲೇ ಇಲ್ಲ, ಅಲ್ಲವಾ?

ಅನುಮಾನ ಬಂದದ್ದು ಬಟ್ಟೆಯಿಂದ. ಕೌಂಟರ್ ಹಿಂದೆ ನಿಂತು ಬಂದ ದಿನ ನಿನ್ನ ಕಾಲರಿನ ಒಳಮಡಿಕೆ ಕಪ್ಪಾಗಿರುತ್ತಿತ್ತು, ತೋಳಿನ ಅಂಚಿಗೆ ರಟ್ಟಿನ ಪೆಟ್ಟಿಗೆಗಳ ಧೂಳು ಮೆತ್ತಿರುತ್ತಿತ್ತು. ಈ ಸಲ ಒಗೆಯಲು ತೆಗೆದರೆ ಕಾಲರಿನಲ್ಲಿ ಕೊಳೆಯೇ ಇಲ್ಲ. ಎದೆಯ ಮೇಲೆಲ್ಲ ಸುಕ್ಕು, ಯಾವುದರೊಳಗೋ ತುರುಕಿಟ್ಟ ಹಾಗೆ. ಅಂದರೆ ಮನೆ ದಾಟಿದ ಮೇಲೆ ಎಲ್ಲೋ ಅದನ್ನು ತೆಗೆದು ಬ್ಯಾಗಿಗೆ ಹಾಕಿ, ಸಂಜೆ ಮನೆಗೆ ಬರುವ ಮುಂಚೆ ಮತ್ತೆ ತೊಟ್ಟುಕೊಂಡಿದ್ದೀಯ. ಎಲ್ಲಿ ಬದಲಾಯಿಸಿದೆ? ಇಡೀ ದಿನ ಎಲ್ಲಿ ಕೂತಿದ್ದೆ? ಪಾರ್ಕಿನ ಬೆಂಚಿನಲ್ಲಾ, ಬಸ್ ನಿಲ್ದಾಣದಲ್ಲಾ? ಮಳೆ ಬಂದ ದಿನ ಏನು ಮಾಡಿದೆ? ಕೂತಲ್ಲೇ ಆ ಅಜ್ಜಿಯನ್ನು ಹುಟ್ಟಿಸಿದೆಯಾ, ಕನ್ನಡಕ ಕೊಟ್ಟೆಯಾ, ಅವರ ಕೈಯಿಂದ ನಿನ್ನ ಕೆನ್ನೆ ಹಿಂಡಿಸಿಕೊಂಡೆಯಾ, ಬರೀ ನನ್ನನ್ನು ನಗಿಸುವುದಕ್ಕೆ? ಅಷ್ಟು ಚೆನ್ನಾಗಿ ಕಥೆ ಕಟ್ಟುತ್ತಾಳಲ್ಲ ನನ್ನ ಮಗಳು ಅಂತ ಒಂದು ಕ್ಷಣ ಹೆಮ್ಮೆಯಾಗುತ್ತದೆ, ಮರುಕ್ಷಣ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿನಗೇ ನಗು ಬೇಕಾಗಿದ್ದ ಹೊತ್ತಿನಲ್ಲಿ ನನಗೆ ನಗು ತಂದುಕೊಟ್ಟೆ.

ಕೆಲಸ ಹೋಗುವುದು ಅವಮಾನ ಅಂತ ನಿನಗೆ ಯಾರು ಹೇಳಿಕೊಟ್ಟರೋ. ನೋವು ನಿಜ, ಅದನ್ನು ನಾನು ಸಣ್ಣದು ಅನ್ನುವುದಿಲ್ಲ. 2003ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಜನರನ್ನು ಮೆದುಳಿನ ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಕಂಪ್ಯೂಟರಿನಲ್ಲಿ ಚೆಂಡು ಎಸೆದಾಡುವ ಆಟ ಆಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಜೊತೆಯ ಆಟಗಾರರು ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಮೈಗೆ ನೋವಾದಾಗ ಸಂಕಟಪಡುವ ಮೆದುಳಿನ ಭಾಗಗಳಲ್ಲೊಂದು ಆಗಲೂ ಚುರುಕಾಗಿದ್ದು ಕಂಡಿತು. ಪರಿಚಯವೇ ಇಲ್ಲದವರು ಆಟದಲ್ಲಿ ಚೆಂಡು ಕೊಡದಿದ್ದರೇ ಇಷ್ಟು. ನಿನಗೆ ತಿಂಗಳುಗಟ್ಟಲೆ ಜೊತೆಗಿದ್ದವರೆದುರು "ನಾಳೆಯಿಂದ ಬರಬೇಡ" ಅಂದರು. ನೋಯದೆ ಇರುತ್ತದಾ? "ಅಷ್ಟಕ್ಕೆಲ್ಲ ಅಳ್ತಾರಾ" ಅನ್ನುವವರು ಮನೆಗೆ ಬಂದರೆ ನಾನೇ ಉತ್ತರ ಕೊಡುತ್ತೇನೆ, ನೀನು ಸುಮ್ಮನಿರು.

"ಎಲ್ಲರೂ ನನ್ನ ಬಗ್ಗೆನೇ ಮಾತಾಡ್ತಿರ್ತಾರೆ" ಅಂದೆಯಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಜನ ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಆ ವಿದ್ಯಾರ್ಥಿಗಳು ಅಂದುಕೊಂಡಿದ್ದರು. ನಿಜಕ್ಕೂ ಗಮನಿಸಿದ್ದವರು ಕಾಲು ಭಾಗದಷ್ಟು. ನಿನ್ನ ಜೊತೆ ಕೆಲಸ ಮಾಡುತ್ತಿದ್ದವರಿಗೆ ಅವತ್ತು ಸಂಜೆಗೆ ಅವರವರ ಬಸ್ಸು, ಅವರವರ ಮನೆಯ ಚಿಂತೆ ಬಂದಿರುತ್ತದೆ. ಆ ವಾಟ್ಸಾಪ್ ಗ್ರೂಪಿನಿಂದ ಹೊರಬಂದೆಯಂತೆ, ಒಳ್ಳೆಯದೇ ಆಯಿತು. ಆದರೆ ಆ ಇಬ್ಬರು ಗೆಳತಿಯರು ಫೋನ್ ಮಾಡಿದರೆ ಎತ್ತು. ಅವರು ನಿನ್ನನ್ನು ಕೆಲಸದಿಂದ ತೆಗೆದವರಲ್ಲ.

ಯಾರದು ತಪ್ಪು ಅಂತ ನನ್ನನ್ನು ಕೇಳಿದರೆ, ಬಿಲ್ ಮಾಡುವಾಗ ಒಂದೇ ವಸ್ತುವನ್ನು ಎರಡು ಸಲ ಸ್ಕ್ಯಾನ್ ಮಾಡಿದ್ದು ಹೊಸಬರೆಲ್ಲ ಮಾಡುವ ತಪ್ಪು. ನಿನ್ನನ್ನು ಒಂದು ದಿನ ಯಾರದೋ ಪಕ್ಕ ನಿಲ್ಲಿಸಿ ಮರುದಿನವೇ ಒಬ್ಬಳನ್ನೇ ಬಿಟ್ಟಿದ್ದರು. ಕಲಿಸದೆ ಕೆಲಸ ಮಾಡಿಸಿಕೊಂಡದ್ದು ಅವರ ಕೊರತೆ. ಎಲ್ಲರೆದುರು ಹಾಗೆ ಹೇಳಿದ್ದು ಅದಕ್ಕಿಂತ ದೊಡ್ಡ ಕೊರತೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1982ರಲ್ಲೇ 158ನೇ ಒಡಂಬಡಿಕೆಯಲ್ಲಿ ಬರೆದಿಟ್ಟಿದೆ: ನಡತೆ ಸರಿಯಿಲ್ಲ, ಕೆಲಸ ಸರಿಯಿಲ್ಲ ಅಂತ ಒಬ್ಬರನ್ನು ತೆಗೆಯುವ ಮುಂಚೆ ಅವರ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕು ಅಂತ. ಎಲ್ಲ ದೇಶಗಳೂ ಅದನ್ನು ಒಪ್ಪಿಲ್ಲ, ಪ್ರೊಬೇಷನ್‌ನಲ್ಲಿ ಇರುವವರನ್ನು ಅದರಿಂದ ಹೊರಗಿಡಲೂ ಅವಕಾಶವಿದೆ, ಹಾಗಾಗಿ ಅದನ್ನು ಹಿಡಿದು ಜಗಳಕ್ಕೆ ಹೋಗು ಅನ್ನುತ್ತಿಲ್ಲ. "ನಾನು ಹೇಳೋದನ್ನ ಒಂದು ಮಾತೂ ಕೇಳಲಿಲ್ಲಮ್ಮ" ಅಂತ ನಿನಗೆ ಅನ್ನಿಸಿದ್ದು ಮೊಂಡಾಟವಲ್ಲ, ನ್ಯಾಯವಾದದ್ದೇ ಅನ್ನುವುದು ನಿನಗೆ ಗೊತ್ತಿರಲಿ.

ತಡವಾಗಿ ಹೋದದ್ದು ಮಾತ್ರ ನಿನ್ನದೇ. ಬೆಳಿಗ್ಗೆ ಎಷ್ಟು ಸಲ ಎಬ್ಬಿಸಿದರೂ ಮಗ್ಗುಲು ಬದಲಾಯಿಸುತ್ತಿದ್ದೆ. ನಿನ್ನ ವಯಸ್ಸಿನವರಿಗೆ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ದೊಡ್ಡವರಿಗಿಂತ ತಡವಾಗಿ ಶುರುವಾಗುತ್ತದೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರೇ ಹೇಳುತ್ತಾರೆ. ಹಾಗಾಗಿ ಸೋಮಾರಿ ಅಂತ ನಾನು ಕರೆಯುವುದಿಲ್ಲ. ಆದರೆ ದೇಹ ತಡಮಾಡುತ್ತದೆ ಅಂತ ಗೊತ್ತಿದ್ದ ಮೇಲೆ ಮಧ್ಯರಾತ್ರಿಯವರೆಗೆ ಮುಖದ ಮೇಲೆ ಫೋನ್ ಬೆಳಕು ಬಿಟ್ಟುಕೊಂಡು ಇನ್ನೂ ತಡಮಾಡುವುದು ಏಕೆ? ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕು. ಅಲಾರಂ ಗಡಿಯಾರ ಬೇರೆ ಇಟ್ಟುಕೋ. ನೀನು ತಡವಾಗಿ ಹೋದಷ್ಟೂ ಹೊತ್ತು ಇನ್ನೊಬ್ಬಳು ನಿನಗಾಗಿ ಮನೆಗೆ ಹೋಗದೆ ಕೌಂಟರಿನಲ್ಲಿ ನಿಂತಿರುತ್ತಾಳೆ, ಅವಳಿಗೂ ಕಾಲಿದೆ. ಸಮಯ ಅಂದರೆ ಬರೀ ನಿನ್ನ ಸಮಯ ಅಲ್ಲ ಕಣೇ. ಮಾತು ಕೊಟ್ಟ ಹೊತ್ತಿಗೆ ಅಲ್ಲಿರುವುದು ಯಾವ ಕೆಲಸದಲ್ಲೂ ಮೊದಲನೆಯದು, ಅದಕ್ಕೆ ಓದೂ ಬೇಡ, ಅನುಭವವೂ ಬೇಡ... ನೋಡು, ಉಪದೇಶ ಶುರುವಾಯಿತು. ಕ್ಷಮಿಸು. ಆದರೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ನಿಜ ಅಂತಲೇ ಬರೆದದ್ದು.

ಮತ್ತೆ ಆ ದಿನಗಳಿಗೇ ಬರುತ್ತೇನೆ. ಒಂದು ಮಾತು ನೇರವಾಗಿ ಕೇಳುತ್ತೇನೆ, ನೀನೂ ನೇರವಾಗಿ ಹೇಳಬೇಕು. ಒಬ್ಬಳೇ ಕೂತಿದ್ದಾಗ ಬದುಕೇ ಬೇಡ ಅನ್ನುವಂಥ ಯೋಚನೆ ಬಂದಿತ್ತಾ? ಈಗ ಬರುತ್ತಿದೆಯಾ? ಇಂಥದ್ದನ್ನು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಅಂತ ಹಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಕೇಳುವುದೇ ಒಳ್ಳೆಯದು ಅಂತ ಮನೋವೈದ್ಯರು ಹೇಳುತ್ತಾರೆ, ಅದಕ್ಕೇ ಕೇಳುತ್ತಿದ್ದೇನೆ. ಬಂದಿದ್ದರೆ ಈಗಲೇ ನನ್ನ ರೂಮಿಗೆ ಬಾ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಎಬ್ಬಿಸು. ನಾನು ಗಾಬರಿಯಾಗಿ ಕಿರುಚುವುದಿಲ್ಲ, ಇಬ್ಬರೂ ಸೇರಿ ಡಾಕ್ಟರ ಹತ್ತಿರ ಹೋಗೋಣ. ಬಂದಿಲ್ಲದಿದ್ದರೆ "ಇಲ್ಲಮ್ಮ" ಅನ್ನು ಸಾಕು, ನಾನು ಮತ್ತೆ ಮತ್ತೆ ಕೆಣಕುವುದಿಲ್ಲ. ಆದರೆ ಆ ಅಜ್ಜಿಯ ಕಥೆಯನ್ನು ಹೇಳಿದ ಹಾಗೆ "ಇಲ್ಲ" ಅನ್ನಬೇಡ. ನೀನು ಅಷ್ಟು ಚೆನ್ನಾಗಿ ಹೇಳುತ್ತೀಯ ಅಂತ ಗೊತ್ತಾದ ಮೇಲೆ ನನಗೆ ಇದೇ ಭಯ. ನಿನ್ನ ಮುಖ ನೋಡಿ ಎಲ್ಲ ತಿಳಿಯುತ್ತದೆ ಅಂತ ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಎಷ್ಟೋ ದಿನ ಆ ಮುಖ ನನ್ನೆದುರು ನಗುತ್ತಲೇ ಇತ್ತು, ನನಗೆ ಏನೂ ತಿಳಿಯಲಿಲ್ಲ.

ಎಲ್ಲವನ್ನೂ ನನಗೇ ಹೇಳು ಅನ್ನುತ್ತಿಲ್ಲ. ಹದಿನೇಳರ ಹುಡುಗಿ ಅಮ್ಮನಿಗೆ ಹೇಳದ್ದು ಬೇಕಾದಷ್ಟಿರುತ್ತದೆ. ನೋಟ್‌ಬುಕ್ಕಿಗೆ ಬರೆ. ಕೆಲಸ ಕಳೆದುಕೊಂಡ ಎಂಜಿನಿಯರುಗಳ ಮೇಲೆ ನಡೆದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಕೆಲಸ ಹೋದದ್ದರ ಬಗ್ಗೆ ತಮ್ಮ ಸಿಟ್ಟು, ಸಂಕಟ ಎಲ್ಲವನ್ನೂ ಕೆಲವು ದಿನ ಕೂತು ಬರೆದವರಿಗೆ ಉಳಿದವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತ್ತು. ಅವರು ಹೆಚ್ಚು ಕಡೆ ಅರ್ಜಿ ಹಾಕಿದ್ದರಿಂದೇನೂ ಅಲ್ಲ. ಒಳಗಿನ ಕಹಿ ಇಳಿದಿದ್ದರಿಂದ ಸಂದರ್ಶನದಲ್ಲಿ ಅದು ಮುಖದ ಮೇಲೆ ಬರಲಿಲ್ಲ ಅಂತ ನನಗನ್ನಿಸುತ್ತದೆ. ನೀನು ಬರೆದದ್ದನ್ನು ನಾನು ಮುಟ್ಟುವುದಿಲ್ಲ. ಸೂಪರ್‌ವೈಸರಿಗೆ ಏನೇನು ಬೈಯಬೇಕೋ ಅಲ್ಲೇ ಬೈದುಬಿಡು, ಸ್ಟೇಟಸ್‌ಗೆ ಮಾತ್ರ ಹಾಕಬೇಡ. ಸ್ಟೇಟಸ್ ಅಳಿಸಿದರೂ ಅದರ ಸ್ಕ್ರೀನ್‌ಶಾಟ್ ಯಾರ ಫೋನಿನಲ್ಲೋ ಉಳಿದಿರುತ್ತದೆ.

ನಿಮ್ಮ ಮಾವ ಫೋನ್ ಮಾಡಿ, ಸ್ಟೀವ್ ಜಾಬ್ಸ್ ಕೂಡ 1985ರಲ್ಲಿ ತಾನೇ ಕಟ್ಟಿದ ಆಪಲ್‌ನಿಂದ ಹೊರಬೀಳಬೇಕಾಯಿತು ಅಂತ ಹೇಳು ಅವಳಿಗೆ ಅಂದರು. ಹೇಳಿದ್ದೇನೆ. ಆದರೆ ನನಗೆ ಆ ಕಥೆ ಅಷ್ಟಾಗಿ ಹಿಡಿಸುವುದಿಲ್ಲ. ಆಮೇಲೆ ದೊಡ್ಡ ಮನುಷ್ಯರಾದ್ದರಿಂದ ಅವರ ಕಥೆ ನಮಗೆ ಗೊತ್ತು. ಕೆಲಸ ಹೋಗಿ, ಇನ್ನೊಂದು ಕೆಲಸ ಹುಡುಕಿಕೊಂಡು, ಅದನ್ನು ಚೆನ್ನಾಗಿ ಮಾಡಿಕೊಂಡು ಇರುವವರು ನಮ್ಮ ಸುತ್ತ ಎಷ್ಟೋ ಜನ ಇದ್ದಾರೆ, ಅವರನ್ನು ಯಾರೂ ಉದಾಹರಣೆಗೆ ಕರೆಯುವುದಿಲ್ಲ. ಈ ಅವಮಾನದ ಲೆಕ್ಕ ತೀರಿಸಲು ನೀನು ದೊಡ್ಡದೇನನ್ನೋ ಸಾಧಿಸಿ ತೋರಿಸಬೇಕಾಗಿಲ್ಲ. ನನಗಂತೂ ನೀನು ಏನನ್ನೂ ತೋರಿಸಬೇಕಾಗಿಲ್ಲ. ದಿನಕ್ಕೆ ಅಷ್ಟು ಗಂಟೆ ನಿಂತು, ಸಿಡುಕುವ ಗಿರಾಕಿಗಳಿಗೆ "ಬನ್ನಿ ಸರ್, ಹೇಳಿ ಮೇಡಂ" ಅಂದವಳು ನೀನು. ಮನೆಗೆ ಯಾರಾದರೂ ಬಂದರೆ ಒಳಗೆ ಓಡಿಹೋಗುತ್ತಿದ್ದ ಹುಡುಗಿಗೆ ಅದನ್ನು ಕಲಿಸಿದ್ದು ಆ ಕೆಲಸವೇ. ಕೆಲಸ ಹೋದರೂ ಅದು ಹೋಗಿಲ್ಲ.

ಈಗ ಆಗಬೇಕಾದ ಕೆಲಸಗಳು. ಕೊನೆಯ ದಿನದವರೆಗೆ ದುಡಿದದ್ದಕ್ಕೆ ಸಂಬಳ ಬರಬೇಕು, ಅದು ಅವರು ಮಾಡುವ ಉಪಕಾರವಲ್ಲ. ಹಾಜರಾತಿಯ ಫೋಟೋ ಫೋನಿನಲ್ಲಿದ್ದರೆ ಅಳಿಸಬೇಡ. ಟೀ ಶರ್ಟ್ ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ, ಐಡಿ ಕಾರ್ಡ್ ಜೊತೆ ವಾಪಸ್ ಕೊಟ್ಟು, ಕೊಟ್ಟಿದ್ದಕ್ಕೆ ಒಂದು ಸಹಿ ತೆಗೆದುಕೊ. ಧೈರ್ಯ ಬಂದರೆ ಒಂದೇ ಪ್ರಶ್ನೆ ಕೇಳು: "ನನ್ನ ಕೆಲಸದಲ್ಲಿ ಏನು ಸರಿಹೋಗಲಿಲ್ಲ, ಹೇಳ್ತೀರಾ?" ಏನು ಹೇಳಿದರೂ ವಾದಿಸಬೇಡ, ಬರೆದುಕೊಂಡು ಬಾ. ಅದರಲ್ಲಿ ಯಾವುದು ನಿಜ, ಯಾವುದು ಅಲ್ಲ ಅಂತ ಮನೆಯಲ್ಲಿ ಕೂತು ನೋಡೋಣ. ಕೆಲಸ ಮಾಡಿದ್ದಕ್ಕೆ ಒಂದು ಪತ್ರ ಕೊಡುತ್ತಾರಾ ಕೇಳು, ಕೊಡದಿದ್ದರೆ ಬಿಡು.

ಮುಂದೆ ಎಲ್ಲಾದರೂ ಸಂದರ್ಶನಕ್ಕೆ ಹೋದಾಗ "ಹಿಂದಿನ ಕೆಲಸ ಏಕೆ ಬಿಟ್ಟೆ?" ಅಂತ ಕೇಳೇ ಕೇಳುತ್ತಾರೆ. ನಾನೇ ಬಿಟ್ಟೆ ಅನ್ನಬೇಡ. ಅವರು ಒಂದು ಫೋನ್ ಮಾಡಿದರೆ ತಿಳಿದುಹೋಗುತ್ತದೆ. "ಅಲ್ಲಿ ತೆಗೆದರು. ಬಿಲ್ಲಿಂಗ್‌ನಲ್ಲಿ ತಪ್ಪು ಮಾಡಿದೆ, ಕೆಲವು ಸಲ ತಡವಾಗಿಯೂ ಹೋಗಿದ್ದೆ. ಈಗ ಎರಡನ್ನೂ ಸರಿಮಾಡಿಕೊಂಡಿದ್ದೀನಿ." ಅಷ್ಟು ಹೇಳಿ ನಿಲ್ಲಿಸು. ಆಮೇಲೆ ಸುಮ್ಮನಿರುವುದು ಕಷ್ಟ, ಅಲ್ಲೇ ಎಲ್ಲರೂ ಸೂಪರ್‌ವೈಸರ್ ಕೆಟ್ಟವರು ಅಂತ ಹೇಳಲು ಶುರುಮಾಡುವುದು. ಬೇಕಾದರೆ ನಾನು ಸಂದರ್ಶನ ಮಾಡುವವಳಾಗಿ ಕೂರುತ್ತೇನೆ, ಅಭ್ಯಾಸ ಮಾಡೋಣ. ಹೊಸ ಕೆಲಸಕ್ಕೆ ಅವಸರವೇನೂ ಇಲ್ಲ. ಪರೀಕ್ಷೆ ಮುಗಿಸಿ ಹುಡುಕುತ್ತೇನೆ ಅಂದರೂ ಸರಿ, ನಾಳೆಯೇ ಹುಡುಕುತ್ತೇನೆ ಅಂದರೂ ಸರಿ.

ಶುಕ್ರವಾರ ಸಂಬಳ ಕೇಳಲು ಹೋಗುತ್ತೀನಿ ಅಂದಿದ್ದೆ. ನಾನು ಅರ್ಧ ದಿನ ರಜೆ ಹಾಕಿದ್ದೇನೆ. ಒಳಗೆ ನಾನು ಬರುವುದಿಲ್ಲ, ಮಾತೂ ಆಡುವುದಿಲ್ಲ, ಅಲ್ಲಿ ನಿಂತು ಮಾತಾಡಬೇಕಾದವಳು ನೀನೇ. ಆದರೆ ಹೊರಗೆ ರಸ್ತೆಯ ಆಚೆ ನಿಲ್ಲಲಾ, ಇಲ್ಲ ಮನೆಯಲ್ಲೇ ಇರಲಾ? ಬೇಡ ಅಂದರೆ ಬೇಸರ ಮಾಡಿಕೊಳ್ಳುವುದಿಲ್ಲ. ಈ ಕಾಗದದ ಹಿಂದೆಯೇ ಬರೆದು ಫ್ರಿಜ್ ಮೇಲಿಡು. ನಾನು ಮೇಲೆ ಕೇಳಿದ ಇನ್ನೊಂದು ಪ್ರಶ್ನೆಗೆ ಮಾತ್ರ ಬರೆದು ಉತ್ತರ ಕೊಡಬೇಡ, ಎದುರಿಗೆ ಬಂದು ಹೇಳು.

ನಿನ್ನ
ಅಮ್ಮ